ಮಿತಾಕ್ಷರಕಾರ ಶ್ರೀ ವಿಜ್ಞಾನೇಶ್ವರ ಯತಿಗಳು

ಕೃಷ್ಣೆ ತುಂಗಭದ್ರೆಯರ ನಡುವಣ ಎಡೆದೊರೆ ನಾಡಿನಲ್ಲಿ ಅಣ್ಣತಮ್ಮಂದಿರು ಬೇರೆಯಾಗುವಾಗ ಹಿರಿಯರು ಕೂಡಿ, ಹೊಲಮನೆ ದನಕರುಗಳನ್ನು ಎಣಿಸಿ, ಪಾಲುಪಟ್ಟಿ ಬರೆಯಿಸುವ ರೂಢಿಯು ತಲೆತಲಾಂತರದಿಂದ ನಡೆದುಬಂದಿರುವದು. ಸಿಂಧನೂರಿನ ನೀರಾವರಿ ಗದ್ದೆಯಾಗಲಿ, ಲಿಂಗಸುಗೂರಿನ ಮಳೆಯಾಶ್ರಯದ ಎರೆಹೊಲವಾಗಲಿ, ಮಸ್ಕಿ ಹಳ್ಳದ ದಂಡೆಯ ತೋಟವಾಗಲಿ, ಹಿರಿಯರಿಂದ ಬಂದ ಸ್ವತ್ತಿನಲ್ಲಿ ಸಂತಾನಕ್ಕೆ ಹುಟ್ಟಿನಿಂದಲೇ ಹಕ್ಕುಂಟೆಂಬ ಮಾತನ್ನು ಅಕ್ಷರವರಿಯದ ಒಕ್ಕಲಿಗನೂ ಬಲ್ಲನು. ಆದರೆ ಆ ಮಾತನ್ನು ಯುಕ್ತಿಯಿಂದ ಸಾಧಿಸಿ ಭರತಖಂಡದ ಬಹುಭಾಗಕ್ಕೆ ನಿಯಮವಾಗುವಂತೆ ಮಾಡಿದವರು ಕನ್ನಡ ನಾಡಿನಲ್ಲಿದ್ದ ಒಬ್ಬ ಸಂನ್ಯಾಸಿಗಳೆಂಬದನ್ನು ಬಲ್ಲವರು ವಿರಳ. ತಮ್ಮದೆಂದು ಗೇಣು ನೆಲವನ್ನೂ ಇಟ್ಟುಕೊಳ್ಳದ ವಿರಕ್ತರು ಲೋಕದವರ ನೆಲವನ್ನು ಹಂಚುವ ನ್ಯಾಯವನ್ನು ಬರೆದರು. ಅವರೇ ಮಿತಾಕ್ಷರೆಯ ಕರ್ತೃಗಳಾದ ಶ್ರೀ ವಿಜ್ಞಾನೇಶ್ವರ ಯತಿಗಳು.

ಅವರು ಬಾಳಿದ ಕಾಲವು ಕಲ್ಯಾಣದ ಚಾಲುಕ್ಯರ ಉಚ್ಛ್ರಾಯಕಾಲ. ಈ ಸೀಮೆಯು ಆ ಅರಸರ ರಾಜ್ಯದ ನಟ್ಟನಡುವಿನ ಭಾಗವಾಗಿತ್ತು. ಶಾಸನಗಳಲ್ಲಿ ಮೊಸಂಗಿಯೆಂದು ಕಾಣಬರುವ ಮಸ್ಕಿಯು ಆಗ ಹೆಸರುಳ್ಳ ಪಟ್ಟಣವಾಗಿತ್ತು, ಕ್ರಿ. ಶ. 1021ರ ಸುಮಾರಿಗೆ ಇಮ್ಮಡಿ ಜಯಸಿಂಹನಿಗೂ ಚೋಳ ರಾಜೇಂದ್ರನಿಗೂ ಕಾಳಗ ನಡೆದ ಮುಸಂಗಿಯು ಇದೇ ಊರೆಂದು ಅನೇಕ ವಿದ್ವಾಂಸರು ಗುರುತಿಸಿರುವರು. ಅದೇ ಮಸ್ಕಿಯ ಗುಡ್ಡದ ಬಂಡೆಯ ಮೇಲೆ ಅದಕ್ಕೂ ಸಾವಿರದ ಇನ್ನೂರು ವರುಷಗಳಿಗಿಂತ ಹಿಂದೆಯೇ ಅಶೋಕ ಚಕ್ರವರ್ತಿಯು ಧರ್ಮಶಾಸನವನ್ನು ಕೆತ್ತಿಸಿದ್ದನು. 1915ರಲ್ಲಿ ಬೆಳಕಿಗೆ ಬಂದ ಆ ಬರಹದಿಂದಲೇ ದೇವಾನಾಂಪ್ರಿಯನೆಂಬ ಅರಸನು ಅಶೋಕನೇ ಎಂಬದು ನಿಶ್ಚಿತವಾಯಿತು. ಚಿಕ್ಕವನಿಗೂ ದೊಡ್ಡವನಿಗೂ ಧರ್ಮದಲ್ಲಿ ಸಮಾನವಾಗಿ ದಾರಿಯುಂಟೆಂಬದು ಆ ಶಾಸನದ ಆಶಯ. ಧರ್ಮವನ್ನು ಎಳೆಯರಿಗೂ ತಿಳಿಯುವಂತೆ ಹೇಳಬೇಕೆಂಬ ಹಂಬಲವು ಈ ಮಣ್ಣಿಗೆ ಹೊಸದಲ್ಲ.

ಕ್ರಿ. ಶ. 1076ರಲ್ಲಿ ಆರನೆಯ ವಿಕ್ರಮಾದಿತ್ಯನು ಪಟ್ಟವನ್ನೇರಿ, ಶಕವರ್ಷದ ಗಣನೆಯನ್ನು ಬದಿಗಿಟ್ಟು, ತನ್ನ ಹೆಸರಿನಿಂದಲೇ ಚಾಲುಕ್ಯವಿಕ್ರಮ ವರ್ಷವನ್ನು ನಡೆಯಿಸಿದನು. 1126ರ ವರೆಗೆ ಐವತ್ತು ವರುಷ ಆಳಿದ ಆ ಅರಸನ ಆಶ್ರಯದಲ್ಲಿ ವಿದ್ಯೆಗೆ ನಾನಾ ದಿಕ್ಕುಗಳಿಂದ ಗೌರವ ದೊರೆಯಿತು. ದೂರದ ಕಾಶ್ಮೀರದಿಂದ ಬಂದ ಬಿಲ್ಹಣ ಕವಿಯು ಅವನ ಚರಿತೆಯನ್ನು ಕಾವ್ಯವಾಗಿ ಹಾಡಿದನು. ಬಿಲ್ಹಣನು ಅರಸನ ಕೀರ್ತಿಯನ್ನು ಬರೆದನು. ವಿಜ್ಞಾನೇಶ್ವರರು ಅರಸನ ಕರ್ತವ್ಯವನ್ನು ಬರೆದರು. ಕೀರ್ತಿಯ ಕಾವ್ಯವು ಪಂಡಿತರ ಪಾಠಕ್ಕೆ ಉಳಿಯಿತು. ಕರ್ತವ್ಯದ ಗ್ರಂಥವು ಮನೆಮನೆಯ ಬಾಳಿನಲ್ಲಿ ಬೆರೆಯಿತು.

ಯತಿಗಳ ಪೂರ್ವಾಶ್ರಮದ ವೃತ್ತಾಂತವು ಅತ್ಯಲ್ಪವಾಗಿ ತಿಳಿದುಬರುವದು. ಅವರು ಭಾರದ್ವಾಜ ಗೋತ್ರದ ಪದ್ಮನಾಭ ಭಟ್ಟೋಪಾಧ್ಯಾಯರ ಮಕ್ಕಳು, ಉತ್ತಮರೆಂಬ ಗುರುಗಳ ಶಿಷ್ಯರು, ಪರಮಹಂಸ ಪರಿವ್ರಾಜಕರು. ಇಷ್ಟನ್ನು ಅವರ ಗ್ರಂಥವೇ ಹೇಳುವದು. ಕಲಬುರಗಿ ಜಿಲ್ಲೆಯ ಮರತೂರು ಅವರ ಹೆಸರಿನೊಡನೆ ಬೆಸೆದುಕೊಂಡಿದೆ. ಗ್ರಂಥದ ಕೊನೆಯಲ್ಲಿ ಕಲ್ಯಾಣದಂತಹ ಪಟ್ಟಣವನ್ನೂ, ವಿಕ್ರಮನಂತಹ ಅರಸನನ್ನೂ, ವಿಜ್ಞಾನೇಶ್ವರರಂತಹ ಪಂಡಿತನನ್ನೂ ಭೂಮಿಯು ಕಂಡಿಲ್ಲವೆಂಬ ಅರ್ಥದ ಪ್ರಶಂಸೆಯುಂಟು. ಇದಕ್ಕಿಂತ ಹೆಚ್ಚು ಗಮನಿಸತಕ್ಕದ್ದು ಅಲ್ಲಿ ಗುರುವಿನ ಹೆಸರು ಬಂದಿರುವ ಬಗೆ. ಉತ್ತಮರ ಬೇರೊಂದು ಕೃತಿಯೂ ಕೀರ್ತಿಯೂ ಲೋಕದಲ್ಲಿ ನಿಂತಿಲ್ಲ. ಶಿಷ್ಯರು ತಮ್ಮ ಮಹಾಗ್ರಂಥವನ್ನು ಮುಗಿಸುವಾಗ ತಾವು ಇಂತಹವರ ಶಿಷ್ಯರೆಂದು ಹೇಳಿಕೊಂಡದ್ದರಿಂದಲೇ ಆ ಗುರುಗಳು ಒಂಬೈನೂರು ವರುಷ ಬದುಕಿದರು. ವಿದ್ಯೆಯ ಋಣವನ್ನು ತೀರಿಸುವ ಮಾರ್ಗವು ಇದಕ್ಕಿಂತ ಬೇರೆಯುಂಟೆ?

ಇನ್ನು ಗ್ರಂಥದ ಉದ್ದೇಶ. ಯಾಜ್ಞವಲ್ಕ್ಯ ಸ್ಮೃತಿಯು ಆಚಾರ, ವ್ಯವಹಾರ, ಪ್ರಾಯಶ್ಚಿತ್ತವೆಂಬ ಮೂರು ಅಧ್ಯಾಯಗಳಲ್ಲಿ ಸುಮಾರು ಸಾವಿರ ಶ್ಲೋಕಗಳುಳ್ಳದ್ದು. ಅದರ ಮೇಲೆ ವಿಶ್ವರೂಪಾಚಾರ್ಯರ ವ್ಯಾಖ್ಯಾನವು ಮೊದಲೇ ಇದ್ದಿತು. ಆದರೆ ಅದರ ಮಾತು ಬಿರುಸು, ವಿಸ್ತಾರ ಬಹಳ. ಹೊಸದಾಗಿ ಶಾಸ್ತ್ರಕ್ಕೆ ಕಾಲಿಟ್ಟವನು ಅದರಲ್ಲಿ ದಾರಿಗಾಣದೆ ನಿಲ್ಲುವಂತಿತ್ತು. ಇದನ್ನು ಕಂಡು ವಿಜ್ಞಾನೇಶ್ವರರು ಸರಳವಾದ, ಅಳತೆಮೀರದ ಅಕ್ಷರಗಳಲ್ಲಿ ಅದೇ ಧರ್ಮಶಾಸ್ತ್ರವನ್ನು ವಿವೇಚಿಸುವದಾಗಿ ಗ್ರಂಥದ ಆರಂಭದಲ್ಲಿಯೇ ಸಂಕಲ್ಪಿಸಿದರು. ಯಾರಿಗಾಗಿ? ಬಾಲರ ಬೋಧೆಗಾಗಿ. ಇಲ್ಲಿ ಬಾಲನೆಂದರೆ ವಯಸ್ಸಿನಲ್ಲಿ ಚಿಕ್ಕವನೆಂದಲ್ಲ. ಬೇರೆ ವಿದ್ಯೆಗಳನ್ನು ಓದಿಯೂ ಈ ಶಾಸ್ತ್ರದಲ್ಲಿ ಇನ್ನೂ ನುರಿಯದವನು. ನಾಳೆ ಧರ್ಮಾಧಿಕರಣದಲ್ಲಿ ಕುಳಿತು ಮತ್ತೊಬ್ಬರ ಮನೆಯ ಅಳಿವು ಉಳಿವುಗಳನ್ನು ನಿರ್ಣಯಿಸಬೇಕಾದ ತರುಣ ಪಂಡಿತನೇ ಆ ಬಾಲನು. ಅಂತೂ ಭರತಖಂಡದ ಶ್ರೇಷ್ಠ ನ್ಯಾಯಗ್ರಂಥಗಳಲ್ಲಿ ಒಂದಾದ ಮಿತಾಕ್ಷರೆಯು ಪಂಡಿತರನ್ನು ಬೆರಗುಗೊಳಿಸುವದಕ್ಕೆ ಹುಟ್ಟಿದ್ದಲ್ಲ. ಆಗತಾನೆ ಕಲಿಯತೊಡಗಿದವನ ಕೈಹಿಡಿದು ನಡೆಯಿಸುವದಕ್ಕೆ ಹುಟ್ಟಿದ್ದು. ಈ ಒಂದು ಸಂಗತಿಯಲ್ಲಿ ಯತಿಗಳ ಚರಿತ್ರೆಯ ಸಾರವೆಲ್ಲ ಅಡಗಿರುವದು.

ಅವರ ಬೋಧನಕ್ರಮವಾದರೂ ಎಂತಹದು? ಒಂದು ಮಾತನ್ನು ಸ್ಥಾಪಿಸಬೇಕಾದಲ್ಲಿ ಅವರು ಮೊದಲು ಎದುರಾಳಿಯ ಪಕ್ಷವನ್ನು ಹಿಡಿದು, ಅವನು ಹೇಳಬಹುದಾದ ಯುಕ್ತಿಗಳನ್ನೆಲ್ಲ ಅವನಿಗಿಂತ ಚೆನ್ನಾಗಿ ಹೇಳುವರು. ಅದನ್ನು ಪೂರ್ಣವಾಗಿ ಕೇಳಿದ ತರುವಾಯವೇ ಸಿದ್ಧಾಂತಕ್ಕೆ ಕೈಯಿಕ್ಕುವರು. ಮೀಮಾಂಸಾಶಾಸ್ತ್ರದ ಈ ಪೂರ್ವಪಕ್ಷ ಸಿದ್ಧಾಂತಗಳ ಕ್ರಮವೂ ನ್ಯಾಯಸ್ಥಾನದ ಕ್ರಮವೂ ಒಂದೇ ಎಂಬದನ್ನು ಓದುವ ಶಿಷ್ಯನು ಬೇಗನೆ ಕಂಡುಕೊಳ್ಳುವನು. ವ್ಯವಹಾರಕ್ಕೆ ನಾಲ್ಕು ಪಾದಗಳು: ವಾದಿಯ ಭಾಷೆ, ಪ್ರತಿವಾದಿಯ ಉತ್ತರ, ಪ್ರಮಾಣವನ್ನು ಒದಗಿಸುವ ಕ್ರಿಯೆ, ಕೊನೆಗೆ ಸಾಧ್ಯಸಿದ್ಧಿ. ಉತ್ತರವು ನಾಲ್ಕು ಬಗೆ: ಒಪ್ಪಿಕೊಳ್ಳುವದು, ಅಲ್ಲಗಳೆಯುವದು, ಒಪ್ಪಿಯೂ ಬೇರೊಂದು ಕಾರಣವನ್ನು ತೋರುವದು, ಈ ವ್ಯಾಜ್ಯವು ಹಿಂದೆಯೇ ತೀರಿತೆಂದು ಹೇಳುವದು. ಪ್ರಮಾಣಗಳೆಂದರೆ ಬರಹ, ಭೋಗ, ಸಾಕ್ಷಿ; ಇವು ಮೂರೂ ಇಲ್ಲದಲ್ಲಿ ಮಾತ್ರ ದಿವ್ಯ. ಪ್ರಾಡ್ವಿವಾಕನೆಂಬ ಹೆಸರನ್ನೇ ಬಿಡಿಸಿ, ಕೇಳುವವನೂ ವಿವೇಚಿಸುವವನೂ ಅವನೇ ಎಂದು ತೋರಿಸಿದರು. ಕೇಳುವದು ಮೊದಲು, ವಿವೇಚಿಸುವದು ಆಮೇಲೆ. ಪಾಠಶಾಲೆಯಲ್ಲಿ ಎದುರುಪಕ್ಷವನ್ನು ತಾಳ್ಮೆಯಿಂದ ಕೇಳಲು ಕಲಿತವನೇ ನ್ಯಾಯಪೀಠದಲ್ಲಿ ಎದುರುಪಕ್ಷವನ್ನು ಕೇಳಬಲ್ಲನು.

ಹಿರಿಯರೊಡನೆ ಭಿನ್ನಾಭಿಪ್ರಾಯ ಬಂದಾಗ ಹೇಗೆ ವರ್ತಿಸಬೇಕೆಂಬದನ್ನೂ ಆ ಗ್ರಂಥವು ಕಲಿಸುವದು. ಗಂಡುಮಕ್ಕಳಿಲ್ಲದೆ ಸತ್ತ, ವಿಭಕ್ತನಾದವನ ಸ್ವತ್ತು ಯಾರಿಗೆ ಸೇರಬೇಕೆಂಬ ಪ್ರಶ್ನೆಯಲ್ಲಿ, ವಿಧವೆಯು ನಿಯೋಗದಿಂದ ಸಂತಾನವನ್ನು ಪಡೆಯಲು ಒಪ್ಪಿದರೆ ಮಾತ್ರ ಅವಳಿಗೆ ಸ್ವತ್ತೆಂದು ಧಾರೇಶ್ವರನು ಹೇಳಿದ್ದನು. ಈ ಧಾರೇಶ್ವರನು ಧಾರಾನಗರದ ಭೋಜರಾಜನೇ ಎಂದು ವಿದ್ವಾಂಸರ ಮತ. ಸ್ವತ್ತು ಅಲ್ಪವಾಗಿದ್ದರೆ ಮಾತ್ರ ಅವಳಿಗೆ ಸಲ್ಲಬೇಕೆಂದು ಶ್ರೀಕರನು ವಾದಿಸಿದ್ದನು. ವಿಜ್ಞಾನೇಶ್ವರರು ಇಬ್ಬರ ಯುಕ್ತಿಗಳನ್ನೂ ಎಳೆಎಳೆಯಾಗಿ ಮುಂದಿಟ್ಟು, ಒಂದೊಂದನ್ನೂ ಬಿಡಿಸಿ, ಅಂತಹ ವಿಭಕ್ತನ ಸ್ವತ್ತೆಲ್ಲವೂ ಮೊದಲು ಪತ್ನಿಗೆ, ಅವಳ ತರುವಾಯ ಹೆಣ್ಣುಮಕ್ಕಳಿಗೆ ಎಂದು ಸಿದ್ಧಾಂತ ಮಾಡಿದರು. ಎದುರಿನವನು ಅರಸನೆಂದು ಅಂಜಲಿಲ್ಲ. ಎದುರಿನವನೆಂದು ಹಳಿಯಲೂ ಇಲ್ಲ. ತರುಣ ಪಂಡಿತನಿಗೆ ಇದಕ್ಕಿಂತ ದೊಡ್ಡ ಪಾಠ ಯಾವದು?

ಎರಡು ಸ್ಮೃತಿಗಳು ಒಂದಕ್ಕೊಂದು ವಿರೋಧವಾದಾಗ ಲೋಕವ್ಯವಹಾರದಿಂದ ತಿಳಿದುಬರುವ ನ್ಯಾಯವೇ ಬಲವತ್ತರವೆಂದು ಯಾಜ್ಞವಲ್ಕ್ಯರು ಹೇಳಿರುವರು. ಈ ಸೂತ್ರವನ್ನು ವಿಜ್ಞಾನೇಶ್ವರರು ಬಾಯಿಪಾಠಕ್ಕೆ ಬಿಡದೆ ಬಳಕೆಗೆ ತಂದರು. ಸ್ವತ್ತೆಂಬದು ಶಾಸ್ತ್ರದಿಂದ ಹುಟ್ಟಿದ್ದಲ್ಲ, ಲೋಕದಿಂದ ತಿಳಿದದ್ದೆಂದು ಅವರು ವಾದಿಸಿದರು. ಶಾಸ್ತ್ರದ ಗಂಧವೇ ಇಲ್ಲದ ಗಡಿನಾಡಿನ ಜನರೂ ಕೊಳ್ಳುವರು, ಮಾರುವರು, ತಮ್ಮದು ಪರರದು ಎಂಬ ಭೇದವನ್ನು ಬಲ್ಲರು ಎಂಬದೇ ಅದಕ್ಕೆ ಕಾರಣ. ಹಿರಿಯ ಮಗನಿಗೆ ಹೆಚ್ಚಿನ ಪಾಲನ್ನು ಕೊಡುವ ವಿಧಿಯು ಶಾಸ್ತ್ರದಲ್ಲಿದೆಯೆಂಬದನ್ನು ಅವರು ಅಲ್ಲಗಳೆಯಲಿಲ್ಲ. ಆದರೆ ಲೋಕವು ದ್ವೇಷಿಸುವ ವಿಧಿಯನ್ನು ಆಚರಿಸಲಾಗದೆಂದು ಹೇಳಿ, ಸಮಪಾಲನ್ನೇ ಎತ್ತಿಹಿಡಿದರು. ಗ್ರಂಥವನ್ನು ಗೌರವಿಸುತ್ತಲೇ ಜನರ ಮನಸ್ಸಾಕ್ಷಿಯನ್ನು ಕೇಳಬೇಕೆಂಬ ವಿವೇಕವು ಇಲ್ಲಿ ಎದ್ದು ಕಾಣುವದು.

ವ್ಯಾಜ್ಯವು ಎಲ್ಲಿ ತೀರಬೇಕು? ಅರಸನ ಆಸ್ಥಾನದಲ್ಲಿಯೇ ತೀರಬೇಕೆಂದಿಲ್ಲ. ಕುಲ, ಶ್ರೇಣಿ, ಪೂಗ, ಅರಸನು ನೇಮಿಸಿದ ಅಧಿಕಾರಿಗಳು ಎಂದು ನ್ಯಾಯಸ್ಥಾನಗಳು ಒಂದರ ಮೇಲೊಂದಿರುವವು. ಜ್ಞಾತಿಗಳೂ ಸಂಬಂಧಿಕರೂ ಬಂಧುಗಳೂ ಕೂಡಿದ್ದು ಕುಲ. ಜಾತಿ ಬೇರೆಯಾದರೂ ಒಂದೇ ಕಸುಬಿನಿಂದ ಬಾಳುವವರು ಕೂಡಿದ್ದು ಶ್ರೇಣಿ. ಇದಕ್ಕೆ ಯತಿಗಳು ಎಲೆ ಮಾರುವವರನ್ನೂ ನೇಕಾರರನ್ನೂ ತೊಗಲಿನ ಕೆಲಸದವರನ್ನೂ ಉದಾಹರಣೆಯಾಗಿ ಕೊಟ್ಟಿರುವರು. ಜಾತಿಯೂ ವೃತ್ತಿಯೂ ಬೇರೆಬೇರೆಯಾಗಿ ಒಂದೇ ಊರಿನಲ್ಲಿ ವಾಸಿಸುವವರ ಕೂಟವೇ ಪೂಗ. ಕುಲದ ತೀರ್ಪಿನಿಂದ ಸಮಾಧಾನವಾಗದವನು ಶ್ರೇಣಿಗೆ, ಅಲ್ಲಿಂದ ಪೂಗಕ್ಕೆ, ಅಲ್ಲಿಂದ ಅರಸನ ಅಧಿಕಾರಿಗಳೆಡೆಗೆ ಏರಿಹೋಗಬಹುದು. ಮೇಲೆ ತೀರಿದ್ದನ್ನು ಕೆಳಗೆ ತಂದು ಕೆದಕಲಾಗದು. ಜಗಳ ಹುಟ್ಟಿದ ಅಂಗಳಕ್ಕೆ ಹತ್ತಿರದಲ್ಲಿಯೇ ಅದನ್ನು ಮೊದಲು ತಣಿಸಬೇಕೆಂಬದು ಈ ವ್ಯವಸ್ಥೆಯ ಹೃದಯ.

ತೀರ್ಪು ಹೇಳುವ ಸಭ್ಯರ ಮೇಲೆ ಇಟ್ಟಿರುವ ಹೊಣೆಯೂ ಅಷ್ಟೇ ಭಾರವಾದದ್ದು. ಅವರು ವಿದ್ಯಾವಂತರೂ ಸತ್ಯವಾದಿಗಳೂ ಹಗೆಗೂ ಗೆಳೆಯನಿಗೂ ಸಮರೂ ಆಗಿರಬೇಕು. ಪ್ರೀತಿಯಿಂದಲೋ ಲೋಭದಿಂದಲೋ ಅಂಜಿಕೆಯಿಂದಲೋ ಅನ್ಯಾಯದ ತೀರ್ಪು ಕೊಟ್ಟರೆ, ಸೋತವನಿಗೆ ಸಲ್ಲುವ ದಂಡದ ಇಮ್ಮಡಿಯನ್ನು ಒಬ್ಬೊಬ್ಬರೂ ಬೇರೆಬೇರೆಯಾಗಿ ತೆರಬೇಕು. ಅರಸನೇ ದಾರಿ ತಪ್ಪಿದಾಗ ನಿಯುಕ್ತರಾದ ಸಭ್ಯರು ಸುಮ್ಮನೆ ಕುಳಿತರೆ ಪಾಪವು ಅವರಿಗೂ ತಟ್ಟುವದು. ಮಾತಿನ ತೊಡಕುಗಳಲ್ಲಿ ಸಿಕ್ಕಿಸಿ ಗೆಲ್ಲುವ ಛಲವನ್ನು ಬದಿಗೊತ್ತಿ, ನಡೆದ ಸಂಗತಿಯನ್ನೇ ಹಿಡಿದು ವ್ಯವಹಾರವನ್ನು ತೀರಿಸಬೇಕು. ಓದಿದವನಿಗೆ ವಾದದಲ್ಲಿ ಗೆಲ್ಲುವ ಚಪಲ ಸಹಜವಾದದ್ದರಿಂದ ಈ ಎಚ್ಚರಿಕೆಯು ಎಲ್ಲರಿಗಿಂತ ಮೊದಲು ಅವನಿಗೇ ಸಲ್ಲತಕ್ಕದ್ದು.

ಒಕ್ಕಲುತನವೇ ಬಾಳಾದ ಎಡೆದೊರೆಯವರಿಗೆ ಗ್ರಂಥದಲ್ಲಿಯ ಸೀಮಾವಿವಾದದ ಪ್ರಕರಣವು ತಮ್ಮ ಹೊಲದ ಬದುವಿನ ಮೇಲೆ ನಿಂತು ಬರೆದಂತೆ ತೋರುವದು. ಎರಡು ಹೊಲಗಳ, ಎರಡು ಊರುಗಳ ಗಡಿಯಲ್ಲಿ ತಂಟೆ ಹುಟ್ಟಿದರೆ ನೆರೆಯವರನ್ನೂ ಮುದುಕರನ್ನೂ ದನಕಾಯುವವರನ್ನೂ ಗಡಿಯಲ್ಲಿ ಉಳುವವರನ್ನೂ ಅಡವಿಯಲ್ಲಿ ತಿರುಗುವವರನ್ನೂ ಕರೆಯಿಸಬೇಕು. ದಿಬ್ಬ, ಇದ್ದಿಲು, ಹೊಟ್ಟು, ಮರ, ಒಡ್ಡು, ಹುತ್ತ, ತಗ್ಗು, ಎಲುಬು ಮುಂತಾದ ಗುರುತುಗಳನ್ನು ನೋಡಬೇಕು. ಗುರುತು ಸಿಕ್ಕದಿದ್ದರೆ ಸುತ್ತಣ ಊರುಗಳ ನಾಲ್ವರೋ ಎಂಟು ಜನರೋ ಹತ್ತು ಜನರೋ ಕೆಂಪು ಹೂಮಾಲೆ ಧರಿಸಿ, ಕೆಂಪು ಬಟ್ಟೆ ಉಟ್ಟು, ತಲೆಯ ಮೇಲೆ ಮಣ್ಣನ್ನು ಹೊತ್ತು ಗಡಿಯನ್ನು ನಡೆದು ತೋರಿಸಬೇಕು. ಆ ಮಣ್ಣೇ ಅವರ ಪ್ರಮಾಣ. ದನಕಾಯುವವನ ಕಣ್ಣಿನ ತಿಳಿವಳಿಕೆಗೂ ಪಂಡಿತನ ಶಾಸ್ತ್ರಕ್ಕೂ ಒಂದೇ ಸಭೆಯಲ್ಲಿ ಬೆಲೆಯುಂಟೆಂದು ತರುಣ ಶಿಷ್ಯನು ಇಲ್ಲಿ ಕಲಿಯುವನು. ನೀರಿನ ವಿಷಯದಲ್ಲಿಯೂ ಹಾಗೆಯೇ. ಪರರ ಹೊಲದಲ್ಲಿ ಅಲ್ಪ ನೆಲವನ್ನು ಹಿಡಿದು ಬಹುಜನರಿಗೆ ಹಿತವನ್ನು ಮಾಡುವ ಒಡ್ಡನ್ನೂ, ಕಡಿಮೆ ನೆಲದಲ್ಲಿ ಬಹಳ ನೀರು ಕೊಡುವ ಬಾವಿಯನ್ನೂ ಹೊಲದೊಡೆಯನು ತಡೆಯತಕ್ಕದ್ದಲ್ಲವೆಂದು ವಿಧಿಯುಂಟು. 1953ರಲ್ಲಿ ತುಂಗಭದ್ರೆಯ ಅಣೆಕಟ್ಟೆಯಾಗಿ ಎಡದಂಡೆಯ ಕಾಲುವೆಯು ಸಿಂಧನೂರಿನ ಬಯಲಿಗೆ ನೀರನ್ನು ತಂದ ಮೇಲೆ, ಮೇಲುಹೊಲ ಕೆಳಹೊಲಗಳ ನಡುವೆ ನೀರಿನ ಮಾತು ಏಳದ ವರುಷ ಅಪರೂಪ. ಆ ಮಾತುಗಳಿಗೆಲ್ಲ ಒಪ್ಪುವ ಅಳತೆಗೋಲನ್ನು ಕಾಲುವೆಯಿಲ್ಲದ ಕಾಲದ ಈ ಗ್ರಂಥದಲ್ಲಿ ಕಾಣಬಹುದು: ಒಬ್ಬನಿಗೆ ಆಗುವ ಬಾಧೆಯೆಷ್ಟು, ಹಲವರಿಗೆ ಆಗುವ ಕಲ್ಯಾಣವೆಷ್ಟು ಎಂಬದೇ ಆ ಅಳತೆ.

ಮಠದ ಭಕ್ತರೂ ಶಿಷ್ಯರೂ ವಿಶೇಷವಾಗಿ ಮನನ ಮಾಡತಕ್ಕ ಭಾಗವು ಇನ್ನೊಂದುಂಟು. ಗುರುವಿಗೂ ಶಿಷ್ಯನಿಗೂ, ತಂದೆಗೂ ಮಗನಿಗೂ, ಗಂಡನಿಗೂ ಹೆಂಡತಿಗೂ, ಒಡೆಯನಿಗೂ ಆಳಿಗೂ ಪರಸ್ಪರ ವ್ಯಾಜ್ಯವು ಸಲ್ಲದೆಂದು ಪೂರ್ವದ ಸ್ಮೃತಿವಚನವಿತ್ತು. ಬೇರೆಯವರಾಗಿದ್ದರೆ ಆ ಮಾತನ್ನು ಹಾಗೆಯೇ ಒಪ್ಪಿ, ಕಿರಿಯರ ಬಾಯಿಗೆ ಬೀಗವಿಕ್ಕುತ್ತಿದ್ದರು. ವಿಜ್ಞಾನೇಶ್ವರರು ಸ್ವತಃ ಗುರುಗಳು, ಸ್ವತಃ ಪೀಠಯೋಗ್ಯರಾದ ಯತಿಗಳು. ಆದರೂ ಅವರು ಹಾಗೆ ಮಾಡಲಿಲ್ಲ. ಗುರುವು ಸಿಟ್ಟಿನ ಭರದಲ್ಲಿ ಮೇರೆಮೀರಿ ಶಿಷ್ಯನನ್ನು ಹೊಡೆದರೆ ಶಿಷ್ಯನು ಅರಸನಲ್ಲಿ ದೂರಬಹುದು. ತಂದೆಯು ಹಿರಿಯರ ಸ್ವತ್ತನ್ನು ಹಾಳುಮಾಡತೊಡಗಿದರೆ ಮಗನು ಕೇಳಬಹುದು. ಗಂಡನು ಆಪತ್ತಿಲ್ಲದೆ ಹೆಂಡತಿಯ ಸ್ತ್ರೀಧನವನ್ನು ತೆಗೆದುಕೊಂಡು ಹಿಂದಿರುಗಿಸದಿದ್ದರೆ ಅವಳು ನ್ಯಾಯಸ್ಥಾನವನ್ನು ಏರಬಹುದು ಎಂದು ಬಿಡಿಸಿ ಹೇಳಿದರು. ಹಾಗಾದರೆ ಹಳೆಯ ವಚನದ ತಾತ್ಪರ್ಯವೇನು? ಇಂತಹ ಹತ್ತಿರದ ಸಂಬಂಧಗಳಲ್ಲಿ ವ್ಯಾಜ್ಯವು ಎರಡೂ ಕಡೆಗೆ ಕೇಡು. ಆದದ್ದರಿಂದ ಮೊದಲು ತಿಳಿಹೇಳಿ ಅವರನ್ನು ತಡೆಯಬೇಕು. ತಡೆದರೂ ಕೇಳದೆ ಹಟ ಹಿಡಿದರೆ ಅವರ ಮಾತನ್ನು ಕೇಳಿ ತೀರ್ಪು ಕೊಡಲೇಬೇಕು. ಸಂಧಾನವೇ ಮೊದಲು; ಆದರೆ ಸಂಧಾನದ ಹೆಸರಿನಲ್ಲಿ ಬಡವನ, ಕಿರಿಯನ, ಹೆಣ್ಣುಮಗಳ ದೂರನ್ನು ಮುಚ್ಚಿಹಾಕಲಾಗದು. ಗುರುಸ್ಥಾನದಲ್ಲಿ ಕುಳಿತವರೊಬ್ಬರು ಗುರುವಿನ ಮೇಲೆಯೂ ದೂರು ಸಲ್ಲುವದೆಂದು ಶಿಷ್ಯರಿಗೆ ಕಲಿಸಿದ್ದು ಸಾಮಾನ್ಯವಾದ ಧೈರ್ಯವಲ್ಲ.

ಸ್ತ್ರೀಧನದ ವಿಷಯದಲ್ಲಿಯೂ ಅವರ ಬುದ್ಧಿಯು ಉದಾರವಾಗಿ ಹರಿಯಿತು. ತವರುಮನೆಯ ಕೊಡುಗೆಗಳಷ್ಟೇ ಅಲ್ಲ. ದಾಯದಿಂದ ಬಂದದ್ದು, ಕೊಂಡದ್ದು, ಪಾಲಿನಲ್ಲಿ ದೊರೆತದ್ದು, ಎಲ್ಲವೂ ಅವಳ ಧನವೇ ಎಂದು ಆ ಶಬ್ದದ ಅರ್ಥವನ್ನು ಹಿಗ್ಗಿಸಿದರು. ಸಪಿಂಡನೆಂದರೆ ಪಿಂಡವನ್ನು ಇಡುವವನಲ್ಲ, ಒಂದೇ ಶರೀರದ ಅವಯವಗಳ ಸಂಬಂಧವುಳ್ಳವನೆಂದು ವಿವರಿಸಿ, ಉತ್ತರಾಧಿಕಾರವನ್ನು ಶ್ರಾದ್ಧಕರ್ಮದಿಂದ ಬಿಡಿಸಿ ರಕ್ತಸಂಬಂಧದ ಮೇಲೆ ನಿಲ್ಲಿಸಿದರು.

ಸತ್ಯವನ್ನು ಹೇಳುವಾಗ ಕೊರತೆಯನ್ನೂ ಹೇಳಬೇಕು. ಯತಿಗಳು ಸ್ಮೃತಿಯ ವ್ಯಾಖ್ಯಾತೃಗಳು. ವರ್ಣಕ್ಕೆ ತಕ್ಕಂತೆ ದಂಡವನ್ನು ಹೆಚ್ಚುಕಡಿಮೆ ಮಾಡುವ ವಿಧಿಗಳೂ, ಹುಟ್ಟಿನ ಮೇಲುಕೀಳುಗಳೂ ಅವರ ಗ್ರಂಥದಲ್ಲಿ ಉಳಿದೇ ಇರುವವು. ಲೋಕವು ದ್ವೇಷಿಸಿದ ವಿಧಿಯನ್ನು ಬಿಡಬೇಕೆಂದ ಅವರ ಯುಕ್ತಿಯು ಆ ಗೋಡೆಯವರೆಗೆ ಹೋಗಿ ನಿಂತಿತು. ಆ ಗೋಡೆಯನ್ನು ದಾಟಿದವರು ಅದೇ ಕಲ್ಯಾಣದಲ್ಲಿ, 12ನೆಯ ಶತಮಾನದ ನಡುವಿನಲ್ಲಿ ಬಸವಣ್ಣನವರ ಸುತ್ತ ಕೂಡಿದ ಶಿವಶರಣರು. ಸಮಗಾರ ಹರಳಯ್ಯನವರೂ ಮಂತ್ರಿ ಮಧುವರಸರೂ ಬೀಗರಾದ ಕಥೆಯನ್ನು ಶರಣಚರಿತ್ರೆಗಳು ಹೇಳುವವು. ತೊಗಲಿನ ಕೆಲಸದವರ ಕೂಟಕ್ಕೆ ತನ್ನ ನ್ಯಾಯವನ್ನು ತಾನೇ ತೀರಿಸುವ ಅಧಿಕಾರವುಂಟೆಂದು ಮಿತಾಕ್ಷರೆ ಒಪ್ಪಿತು. ಅನುಭವಮಂಟಪವು ಅವರನ್ನು ಪಕ್ಕದಲ್ಲಿಯೇ ಕುಳ್ಳಿರಿಸಿತು. ಮೊದಲನೆಯದು ನ್ಯಾಯ, ಎರಡನೆಯದು ಸಮತೆ. ಕಲ್ಯಾಣವು ಎರಡನ್ನೂ ಕಂಡಿತೆಂಬದೇ ಆ ಪಟ್ಟಣದ ಹಿರಿಮೆ.

ಯತಿಯ ಸ್ವತ್ತು ಯಾರಿಗೆ ಎಂಬ ಪ್ರಶ್ನೆಯೂ ಮಿತಾಕ್ಷರೆಯಲ್ಲಿ ಬಂದಿರುವದು. ಎಲ್ಲವನ್ನೂ ಬಿಟ್ಟವನಿಗೆ ಸ್ವತ್ತೆಲ್ಲಿಯದೆಂದು ಪೂರ್ವಪಕ್ಷ. ಉಡುವ ಬಟ್ಟೆ, ಪಾದುಕೆ, ಪುಸ್ತಕ ಮೊದಲಾದವುಗಳುಂಟಲ್ಲವೆ ಎಂದು ಸಮಾಧಾನ. ಅವು ಸಚ್ಛಿಷ್ಯನಿಗೆ ಸಲ್ಲತಕ್ಕವು. ಸಚ್ಛಿಷ್ಯನೆಂದರೆ ಅಧ್ಯಾತ್ಮಶಾಸ್ತ್ರವನ್ನು ಕೇಳಿ, ನೆನಪಿನಲ್ಲಿಟ್ಟು, ಅದರಂತೆ ನಡೆಯಬಲ್ಲವನು. ನಡತೆ ಕೆಟ್ಟವನಿಗೆ ಆ ಹಕ್ಕಿಲ್ಲ. ಅವರ ಸ್ವಂತ ಸಂಪತ್ತೂ ಈ ವಿಧಿಯ ಮೇರೆಗೇ ಸಾಗಿತು. ನಾರಾಯಣನೆಂಬ ಶಿಷ್ಯನು ಗುರುಗಳ ಮಾರ್ಗದಲ್ಲಿ ವ್ಯವಹಾರಶಿರೋಮಣಿಯೆಂಬ ಗ್ರಂಥವನ್ನು ಬರೆದು, ತಾನು ವಿಜ್ಞಾನೇಶ್ವರರ ಶಿಷ್ಯನೆಂದು ಹೇಳಿಕೊಂಡನು. ಉತ್ತಮರಿಂದ ವಿಜ್ಞಾನೇಶ್ವರರಿಗೆ, ವಿಜ್ಞಾನೇಶ್ವರರಿಂದ ನಾರಾಯಣನಿಗೆ ಹೀಗೆ ಮೂರು ತಲೆಯವರೆಗೆ ದೀಪದಿಂದ ದೀಪ ಹೊತ್ತಿದ್ದು ಸ್ಪಷ್ಟವಾಗಿ ಕಾಣುವದು.

ಮುಂದೆ ಆ ಬೆಳಕು ನಾಡನ್ನು ಮೀರಿ ಹರಡಿತು. 14ನೆಯ ಶತಮಾನದಲ್ಲಿ ವಿಶ್ವೇಶ್ವರ ಭಟ್ಟನು ಸುಬೋಧಿನಿಯೆಂಬ ಟೀಕೆಯನ್ನು ರಚಿಸಿದನು. 18ನೆಯ ಶತಮಾನದಲ್ಲಿ ಬಾಲಂಭಟ್ಟೀ ಎಂಬ ದೊಡ್ಡ ಟೀಕೆ ಹುಟ್ಟಿತು. ಈ ಕೊನೆಯದು ವೈದ್ಯನಾಥ ಪಾಯಗುಂಡೆಯವರ ಪತ್ನಿಯಾದ ಲಕ್ಷ್ಮೀದೇವಿಯ ಹೆಸರಿನಲ್ಲಿರುವದು. ಹೆಣ್ಣುಮಕ್ಕಳ ಹಕ್ಕುಗಳನ್ನು ಅದು ಇನ್ನಷ್ಟು ವಿಸ್ತರಿಸಿತು. ಬಂಗಾಲ ಅಸ್ಸಾಮಗಳಲ್ಲಿ ಜೀಮೂತವಾಹನನ ದಾಯಭಾಗವು ನಿಂತರೆ, ಉಳಿದ ಭರತಖಂಡದ ಬಹುಭಾಗದಲ್ಲಿ ಮಿತಾಕ್ಷರೆಯೇ ಪ್ರಮಾಣವಾಯಿತು. 1772ರಿಂದ ಕಂಪನಿ ಸರಕಾರವು ತನ್ನ ನ್ಯಾಯಾಲಯಗಳಲ್ಲಿ ಪಂಡಿತರ ಅಭಿಪ್ರಾಯವನ್ನು ಕೇಳತೊಡಗಿದಾಗ ಆ ಪಂಡಿತರ ಕೈಯಲ್ಲಿ ಮುಖ್ಯವಾಗಿ ಇದ್ದ ಗ್ರಂಥಗಳಲ್ಲಿ ಇದೊಂದು. 1810ರಲ್ಲಿ ಕೋಲ್‌ಬ್ರೂಕ್ ಸಾಹೇಬರು ಇದರ ದಾಯಪ್ರಕರಣವನ್ನು ಇಂಗ್ಲಿಷಿಗೆ ತಂದರು. 1864ರಲ್ಲಿ ನ್ಯಾಯಾಲಯದ ಪಂಡಿತರ ಹುದ್ದೆಗಳು ಹೋದವು. ಗುರುಮುಖದಿಂದ ತಿಳಿಯಬೇಕಾದದ್ದನ್ನು ಬರಿಯ ಭಾಷಾಂತರದಿಂದ ತಿಳಿದ ಕಾಲದಲ್ಲಿ ಗ್ರಂಥದ ಔದಾರ್ಯವು ಕೆಲಮಟ್ಟಿಗೆ ಕುಗ್ಗಿತು. ಯತಿಗಳು ಹಿಗ್ಗಿಸಿದ ಸ್ತ್ರೀಧನವನ್ನು ನ್ಯಾಯಾಲಯಗಳು ಕಿರಿದುಗೊಳಿಸಿದವು. ಗ್ರಂಥವು ಉಳಿದು ಬೋಧಕನು ಇಲ್ಲವಾದರೆ ಆಗುವ ನಷ್ಟಕ್ಕೆ ಇದೇ ಸಾಕ್ಷಿ.

ಕಳೆದದ್ದು ಬಹುಕಾಲದ ಮೇಲೆ ಹಿಂದಿರುಗಿ ಬಂದಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಸಿ ಒಳಗೊಂಡು, ಹೆಣ್ಣುಮಕ್ಕಳು ಪಡೆದ ಸ್ವತ್ತಿಗೆ ಅವರೇ ಪೂರ್ಣ ಒಡೆಯರೆಂದು ಸಾರಿತು. ಪಿತ್ರಾರ್ಜಿತದಲ್ಲಿ ಮಗಳಿಗೂ ಹುಟ್ಟಿನಿಂದ ಹಕ್ಕೆಂದು ಕರ್ನಾಟಕವು 1994ರಲ್ಲಿಯೂ, ಭಾರತವೆಲ್ಲವೂ 2005ರಲ್ಲಿಯೂ ಕಾಯಿದೆಯನ್ನು ತಿದ್ದಿದವು. 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಹಕ್ಕು ಜನ್ಮದಿಂದಲೇ ಬರತಕ್ಕದ್ದು, ತಂದೆಯು 2005ರಲ್ಲಿ ಬದುಕಿದ್ದನೇ ಇಲ್ಲವೇ ಎಂಬದನ್ನು ಅವಲಂಬಿಸಿದ್ದಲ್ಲವೆಂದು ತೀರ್ಮಾನಿಸಿತು. ಜನ್ಮದಿಂದ ಸ್ವತ್ವವೆಂಬ ಯತಿಗಳ ಸಿದ್ಧಾಂತವು ಮಗನ ತೊಟ್ಟಿಲನ್ನು ದಾಟಿ ಮಗಳ ತೊಟ್ಟಿಲಿಗೂ ಬಂದಿತು. ಸಮಪಾಲನ್ನು ಎತ್ತಿಹಿಡಿಯುವಾಗ ಅವರು ಬಳಸಿದ ಯುಕ್ತಿಯನ್ನೇ ಮುಂದಕ್ಕೆ ಒಯ್ದರೆ ದೊರೆಯುವ ಫಲ ಇದಲ್ಲದೆ ಬೇರೆಯಲ್ಲ.

1948ರ ವರೆಗೆ ನಿ಼ಜಾಮರ ಆಳಿಕೆಯಲ್ಲಿದ್ದ ಸಿಂಧನೂರು ಲಿಂಗಸುಗೂರು ಮಸ್ಕಿಗಳ ಸೀಮೆಯಲ್ಲಿ ಇಂದು ಕಾನೂನನ್ನು ಓದಿದ ತರುಣ ತರುಣಿಯರು ವಕೀಲರಾಗಿ, ಅಧ್ಯಾಪಕರಾಗಿ ಹೊರಡುತ್ತಿರುವರು. ರಾಯಚೂರು ಜಿಲ್ಲೆಯ ಮೇಲ್ಮನವಿಗಳು ಹೋಗುವ ಉಚ್ಚ ನ್ಯಾಯಾಲಯದ ಪೀಠವು ಕಲಬುರಗಿಯಲ್ಲಿದೆ; ಮರತೂರು ಅದೇ ಜಿಲ್ಲೆಯ ಊರು. 1987ರ ಕಾಯಿದೆಯಿಂದ ಲೋಕ ಅದಾಲತ್ತುಗಳಿಗೆ ಕಾನೂನಿನ ಬಲ ಬಂದಿತು. 2023ರಲ್ಲಿ ಮಧ್ಯಸ್ಥಿಕೆಗೆಂದೇ ಬೇರೆ ಕಾಯಿದೆಯಾಯಿತು. ತಿಳಿಹೇಳಿ ತಡೆಯುವದು ಮೊದಲು, ತೀರ್ಪು ಆಮೇಲೆ ಎಂಬ ಹಳೆಯ ಕ್ರಮವು ಹೊಸ ಹೆಸರಿನಿಂದ ಮರಳಿ ನಿಂತಿರುವದು. ಆದರೆ ಕಾಯಿದೆಯೊಂದರಿಂದಲೇ ಸಂಧಾನಕಾರನು ಹುಟ್ಟುವದಿಲ್ಲ. ಕೇಳುವ ತಾಳ್ಮೆ, ಎದುರುಪಕ್ಷದ ಮೇಲಣ ಗೌರವ, ದೊಡ್ಡವರ ತಪ್ಪನ್ನು ಹೇಳುವ ಎದೆ, ಚಿಕ್ಕವರ ದೂರನ್ನು ಆಲಿಸುವ ಕಿವಿ, ಇವು ಒಬ್ಬರಿಂದ ಒಬ್ಬರಿಗೆ ಹತ್ತಿರದಲ್ಲಿ ಕುಳಿತು ಬರಬೇಕಾದವು.

ಊರವರು ತಮ್ಮ ವ್ಯಾಜ್ಯಗಳನ್ನು ಮಠದ ಜಗಲಿಗೆ ತರುವ ಪದ್ಧತಿಯು ಈ ಸೀಮೆಯಲ್ಲಿ ಹಳೆಯದು. ಆ ಜಗಲಿಯ ಮೇಲೆ ಕುಳಿತು ಮಾತನಾಡುವ ಹಿರಿಯರೂ, ಅವರ ಬದಿಯಲ್ಲಿ ಕುಳಿತು ಕೇಳುವ ಕಿರಿಯರೂ ವಿಜ್ಞಾನೇಶ್ವರ ಯತಿಗಳ ಚರಿತ್ರೆಯನ್ನು ನೆನೆಯುವದು ಯೋಗ್ಯ. ಬಲ್ಲವರು ತಮ್ಮ ಬಲ್ಲಮೆಯನ್ನು ಎಳೆಯರ ಅಳತೆಗೆ ಇಳಿಸಿ ಹೇಳಿದರೆ ಅದು ಕಿರಿದಾಗುವದಿಲ್ಲ; ಮಿತವಾದ ಅಕ್ಷರಗಳಲ್ಲಿ ಬಾಲರಿಗೆಂದು ಬರೆದ ಪುಸ್ತಕವು ಒಂಬೈನೂರು ವರುಷಗಳಿಂದ ಹಿರಿಯರೆಲ್ಲರನ್ನೂ ಆಳುತ್ತ ಬಂದಿದೆ. ಅಂತಹ ಗುರುಗಳು, ಅಂತಹ ಶಿಷ್ಯರು ಎಡೆದೊರೆ ನಾಡಿನಲ್ಲಿ ಎಂದಿಗೂ ಉಂಟಾಗುತ್ತಿರಲಿ.